ಹೆದರಿದ ನಾಯಿ ಮನೆ ಕಾಯುತ್ತದೆಯೇ?

ಓದುಗರ ಪ್ರಶ್ನೆ, ತರಬೇತುದಾರರು ಮತ್ತು ಪಶುವೈದ್ಯರ ಉತ್ತರ

ಕಾವಲು ನಾಯಿಯ ತರಬೇತಿ ಬಗ್ಗೆ ಪ್ರಶ್ನೆ ಕಳಿಸಿ ಎಂದಿದ್ದೆವು. ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳೆಲ್ಲ ಹೊರಳಿ ಹೊರಳಿ ಭಯದ ವಿಚಾರಕ್ಕೇ ಬಂದು ನಿಂತಿವೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಒಂದು ಸಣ್ಣ ಸೂಚನೆ: ತರಬೇತಿಯಲ್ಲಿ ಕಳ್ಳನ ಪಾತ್ರ ಮಾಡುವವರನ್ನು ಹೆಲ್ಪರ್ ಅಂತಲೋ ಡೆಕಾಯ್ ಅಂತಲೋ ಕರೆಯುತ್ತಾರೆ. ಇಲ್ಲಿ ಸುಮ್ಮನೆ 'ಕಳ್ಳ' ಎಂದೇ ಬರೆದಿದ್ದೇವೆ.

*

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮ ತೋಟದ ಮನೆ. ಸುತ್ತ ಕಬ್ಬು. ಪಂಪ್‌ಸೆಟ್ ಕೇಬಲ್ ಎರಡು ಸಲ ಕಳುವಾದ ಮೇಲೆ ಜರ್ಮನ್ ಶೆಫರ್ಡ್ ಗಂಡುಮರಿ ತಂದು ಸಾಕಿದೆವು. ಈಗ ಏಳು ತಿಂಗಳು. ಒಬ್ಬ ಟ್ರೈನರ್ ಬಂದು ಅದನ್ನು ತೆಂಗಿನ ಮರಕ್ಕೆ ಕಟ್ಟಿ, ಮುಖಕ್ಕೆ ಟವೆಲ್ ಸುತ್ತಿಕೊಂಡು, ದೊಣ್ಣೆ ಹಿಡಿದು ಮೇಲೇ ನುಗ್ಗಿದರು. ಮೊದಲ ದಿನ ಚೆನ್ನಾಗಿ ಬೊಗಳಿತು. ನಾಲ್ಕನೇ ದಿನ ನಿಂತಲ್ಲೇ ಉಚ್ಚೆ ಹೊಯ್ದು ಮರದ ಹಿಂದೆ ಸೇರಿಕೊಂಡಿತು. ಈಗ ಮನೆಯವರೇ ಕೋಲು ಹಿಡಿದರೂ ಮಂಚದ ಕೆಳಗೆ ಹೋಗುತ್ತದೆ. 'ಭಯ ಬಿದ್ದ ಮೇಲೇ ರೋಷ ಬರೋದು, ಇನ್ನೊಂದು ಹತ್ತು ದಿನ ಬಿಡಿ' ಅಂತಾರೆ. ಬಿಡಬಹುದಾ ಸಾರ್?

ಉತ್ತರ: ಬಿಡಬೇಡಿ. ಇವತ್ತೇ ನಿಲ್ಲಿಸಿ.

ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ, ಎಡವಟ್ಟಾಗಿರುವುದೂ ಆ ಅರ್ಧದಿಂದಲೇ. ನಾಯಿ ಮನುಷ್ಯನ ಮೇಲೆ ಬೀಳಲು ಮುಖ್ಯವಾಗಿ ಎರಡು ಕಾರಣ. ಓಡುವುದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಹುರುಪು ಒಂದು. ಟ್ರೈನರ್‌ಗಳ ಬಾಯಲ್ಲಿ ಇದು ಪ್ರೇ ಡ್ರೈವ್. ನಾವು ಬೇಟೆಯ ಹುರುಪು ಎನ್ನೋಣ. ಮೈಮೇಲೆ ಬಂದದ್ದನ್ನು ಹಿಮ್ಮೆಟ್ಟಿಸುವ ಕಿಚ್ಚು ಇನ್ನೊಂದು. ಇದು ಡಿಫೆನ್ಸ್ ಡ್ರೈವ್. ಇದರ ಬೇರು ಭಯದಲ್ಲೇ ಇದೆ, ನಿಜ. ಅಪಾಯ ಅನ್ನಿಸದ ನಾಯಿ ತನ್ನನ್ನು ಯಾಕೆ ಕಾಪಾಡಿಕೊಳ್ಳಬೇಕು? ಆದರೆ ಭಯಬಿದ್ದ ಪ್ರಾಣಿ ಮೊದಲು ನೋಡುವುದು ಓಡುವ ದಾರಿಯನ್ನು. ಸ್ವಿಟ್ಜರ್ಲೆಂಡಿನ ಮೃಗಾಲಯ ತಜ್ಞ ಹೈನಿ ಹೆಡಿಗರ್ ಇದನ್ನು ದೂರದ ಲೆಕ್ಕದಲ್ಲಿ ವಿವರಿಸಿದ್ದರು: ಇಂತಿಷ್ಟು ಹತ್ತಿರ ಬಂದರೆ ಪ್ರಾಣಿ ಓಡುತ್ತದೆ, ಓಡಲು ಜಾಗವಿಲ್ಲದಾಗ ಇನ್ನೂ ಹತ್ತಿರ ಹೋದರೆ ತಿರುಗಿ ಬೀಳುತ್ತದೆ. ತೆಂಗಿನ ಮರಕ್ಕೆ ಕಟ್ಟಿದ್ದರಿಂದ ಆಗಿದ್ದೂ ಇದೇ, ಓಡುವ ದಾರಿ ಮುಚ್ಚಿತು. ಮೊದಲ ದಿನ ನೀವು ಕೇಳಿದ್ದು ಮೂಲೆಗೆ ಸಿಕ್ಕಿಬಿದ್ದ ಮರಿಯ ಬೊಗಳು.

ಆ ಬೊಗಳಿಗೆ ಕಳ್ಳ ಬೆಚ್ಚಿಬಿದ್ದು ಓಡಿಹೋಗಿದ್ದರೆ ಮರಿ ಕಲಿಯುವ ಪಾಠವೇ ಬೇರೆಯಿತ್ತು: ನಾನು ಎದುರು ನಿಂತರೆ ಈ ಪೀಡೆ ತೊಲಗುತ್ತದೆ. ನಿಮ್ಮಲ್ಲಿ ಮರಿ ಬೊಗಳಿದರೂ ದೊಣ್ಣೆ ಮುಂದೆ ಬಂತು, ಇನ್ನೂ ಜೋರಾಗಿ ಬೊಗಳಿದರೂ ಬಂತು. ನಾಲ್ಕು ದಿನದಲ್ಲಿ ಅದು ಎದುರು ನಿಂತು ಪ್ರಯೋಜನವಿಲ್ಲ ಎಂಬುದನ್ನು ಕಲಿಯಿತು. ಇನ್ನು ಹತ್ತು ದಿನ ಬಿಟ್ಟರೆ ಆ ಪಾಠವೇ ಬಾಯಿಪಾಠವಾಗುತ್ತದೆ.

ವಯಸ್ಸೂ ಅಡ್ಡ ಬಂದಿದೆ. ಆರು ತಿಂಗಳಿಂದ ಹದಿನಾಲ್ಕು ತಿಂಗಳ ನಡುವೆ ಎಳೆ ನಾಯಿಗಳಿಗೆ ಇದ್ದಕ್ಕಿದ್ದಂತೆ ಅಳುಕು ಬರುವ ಕಾಲವೊಂದಿದೆ. ನಿನ್ನೆಯವರೆಗೆ ಲೆಕ್ಕಕ್ಕಿಡದ ಗಾಳಿಗೆ ಹಾರುವ ಟಾರ್ಪಾಲನ್ನು ಇವತ್ತು ಕಂಡು ಗುರ್ ಅನ್ನುತ್ತವೆ. ಆಗ ಬಿದ್ದ ಪೆಟ್ಟು ಬೇಗ ಮರೆಯುವುದಿಲ್ಲ.

ಈಗ ಮಾಡಬೇಕಾದ್ದು: ಕಡಿಮೆ ಎಂದರೆ ಆರರಿಂದ ಎಂಟು ವಾರ ಕಳ್ಳನ ಆಟ ಪೂರ್ತಿ ಬಂದ್. ಅಂಗಳದಲ್ಲಿ ಕೋಲನ್ನು ನೆಲಕ್ಕೆ ಹಾಕಿಡಿ, ಯಾರೂ ಹಿಡಿಯಬೇಡಿ. ಹತ್ತಡಿ ದೂರದಲ್ಲಿ ಊಟದ ತಟ್ಟೆ ಇಡಿ. ನೆಮ್ಮದಿಯಾಗಿ ತಿಂದರೆ ಎರಡು ದಿನಕ್ಕೊಮ್ಮೆ ಒಂದೊಂದು ಅಡಿ ಹತ್ತಿರ ತನ್ನಿ. ಬೇಯಿಸಿದ ಮೊಟ್ಟೆಯನ್ನೋ ಕೋಳಿ ಚೂರನ್ನೋ ಮೂಸಿ ಬಿಟ್ಟರೆ ದೂರ ಸಾಲದು ಎಂದರ್ಥ, ಹಿಂದಕ್ಕೆ ಹೋಗಿ. ತಟ್ಟೆ ಕೋಲಿನ ಪಕ್ಕಕ್ಕೇ ಬಂದಮೇಲೆ, ನಾಯಿ ಹೆಚ್ಚು ನಂಬಿರುವ ಮನೆಯವರು ಕೂತುಕೊಂಡು ಕೋಲನ್ನು ತೊಡೆಯ ಮೇಲಿಟ್ಟು ಚೂರುಗಳನ್ನು ದೂರಕ್ಕೆ ಎಸೆಯಲಿ. ನಿಲ್ಲುವುದು, ನಡೆಯುವುದು, ಕೋಲು ಎತ್ತುವುದು ಎಲ್ಲ ಆಮೇಲೆ, ಒಂದೊಂದಾಗಿ. ಮಂಚದ ಕೆಳಗೆ ಹೋದರೆ ಎಳೆದು ತರಬೇಡಿ. ಹದಿನೈದು ತಿಂಗಳಾದ ಮೇಲೆ ಅನುಭವಿಯೊಬ್ಬರಿಗೆ ಮತ್ತೆ ತೋರಿಸಿ. ಕೆಲವು ನಾಯಿ ಆ ಕೆಲಸಕ್ಕೆ ಮರಳಿ ಬರುವುದೇ ಇಲ್ಲ. ಬರದಿದ್ದರೂ ಚಿಂತೆಯಿಲ್ಲ: ಕೇಬಲ್ ಕಳ್ಳನಿಗೆ ಬೇಕಾದ್ದು ಸದ್ದಿಲ್ಲದ ಕತ್ತಲೆ. ರಾತ್ರಿ ಹೊತ್ತಿಗೆ ಸರಿಯಾಗಿ ಬೊಗಳುವ ನಾಯಿ, ಪಂಪ್‌ಹೌಸಿಗೊಂದು ದೀಪ ಇದ್ದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆ.

*

ಪ್ರಶ್ನೆ: ನಮ್ಮ ಡಾಬರ್‌ಮನ್ ಗೇಟಿನಲ್ಲಿ ಸಿಂಹದ ಹಾಗೆ. ಕೊರಿಯರ್ ಹುಡುಗ ಬಂದರೆ ಗೇಟೇ ಕಿತ್ತುಬರುವಷ್ಟು ಹಾರಾಡುತ್ತದೆ. ಗೇಟು ತೆಗೆದರೆ ಮಾತ್ರ ನಾಲ್ಕು ಹೆಜ್ಜೆ ಹಿಂದೆ. ಇದು ಧೈರ್ಯವೋ ಪುಕ್ಕಲೋ? ನೋಡಿ ತಿಳಿಯುವುದು ಹೇಗೆ? (ಕುವೆಂಪುನಗರ, ಮೈಸೂರು)

ಉತ್ತರ: ಆ ನಾಲ್ಕು ಹೆಜ್ಜೆಯಲ್ಲೇ ಉತ್ತರ ಇದೆ. ಇನ್ನೂ ಸ್ಪಷ್ಟವಾಗಿ ತಿಳಿಯಲು ಮೊಬೈಲಿನಲ್ಲಿ ಪಕ್ಕದಿಂದ ಅರ್ಧ ನಿಮಿಷ ವೀಡಿಯೊ ಮಾಡಿ, ಆಮೇಲೆ ಸದ್ದು ಪೂರ್ತಿ ತೆಗೆದು ನೋಡಿ. ಬೊಗಳಿನ ಸದ್ದು ನಮ್ಮ ಕಣ್ಣನ್ನೂ ಮೋಸ ಮಾಡುತ್ತದೆ.

ಮೊದಲು ಪಾದ ನೋಡಿ. ಮೈಭಾರ ಮುಂಗಾಲಿನ ಮೇಲಿದೆಯೋ ಹಿಂಗಾಲಿನ ಮೇಲೋ? ಬೇಟೆಯ ಹುರುಪಿನಲ್ಲಿರುವ ನಾಯಿ ಮುಂದಕ್ಕೆ ಬಾಗಿರುತ್ತದೆ, ಕಿವಿ ಮುಂದಕ್ಕೆ, ಬಾಯಿ ಮುಚ್ಚಿರುತ್ತದೆ ಅಥವಾ ಸಡಿಲ, ಬೊಗಳು ಕೀರಲು ಮತ್ತು ಒಂದೇ ತಾಳದ್ದು. ಹೆದರಿಕೆಯಿಂದ ಎದುರಿಸುವ ನಾಯಿ ಮುಂದೆ ಹಾರಿದ ಹಾಗೆ ಕಾಣುತ್ತದೆ, ಆದರೆ ಪ್ರತಿ ಹಾರಾಟದ ಕೊನೆಗೆ ಹಿಂದಕ್ಕೆ ಬಂದು ನಿಲ್ಲುತ್ತದೆ. ಕಿವಿ ತಲೆಗೆ ಅಂಟಿರುತ್ತದೆ, ಬಾಲದ ಬುಡ ಕೆಳಗೆ, ತುಟಿಯ ಮೂಲೆ ಕಿವಿಯ ಕಡೆ ಎಳೆದು ದವಡೆ ಹಲ್ಲಿನ ತನಕ ಕಾಣುತ್ತದೆ, ನಡುವೆ ಗುರ್ ಎನ್ನುವ ದಪ್ಪ ದನಿ. ಬೆನ್ನಿನ ಕೂದಲು ನಿಮಿರುವುದನ್ನು ಜನ ಧೈರ್ಯದ ಗುರುತು ಎಂದುಕೊಂಡಿದ್ದಾರೆ. ಅದು ಮೈ ಕಾವೇರಿದೆ ಎಂದಷ್ಟೇ ಹೇಳುತ್ತದೆ, ಆಟದಲ್ಲೂ ನಿಮಿರುವುದುಂಟು. ನೆಲ ಮೂಸುವುದು, ತಲೆ ಪಕ್ಕಕ್ಕೆ ತಿರುಗಿಸುವುದು, ನಾಲಿಗೆಯಿಂದ ಮೂಗು ನೆಕ್ಕುವುದು, ಆಕಳಿಕೆ, ಯಜಮಾನರ ಕಾಲಿನ ಹಿಂದೆ ಬರುವುದು ಕಂಡರೆ ನಾಯಿ ಆಗಲೇ ಸೋಲೊಪ್ಪುವ ಹಾದಿಯಲ್ಲಿದೆ.

ಕಚ್ಚುವುದರಲ್ಲೂ ವ್ಯತ್ಯಾಸವಿದೆ. ನೆಮ್ಮದಿಯ ನಾಯಿ ಬಾಯಿ ತುಂಬ, ದವಡೆಯ ಹಿಂದಿನ ಹಲ್ಲಿನವರೆಗೆ ತುಂಬಿಕೊಂಡು, ಕಚ್ಚಿದ್ದನ್ನು ಬಿಡದೆ ಹಿಡಿಯುತ್ತದೆ. ಹೆದರಿದ ನಾಯಿ ಮುಂಬಲ್ಲಿನಿಂದ ಚಕ್ ಎಂದು ಕಚ್ಚಿ ಬಿಡುತ್ತದೆ, ಮತ್ತೆ ಬೇರೆ ಕಡೆ ಕಚ್ಚುತ್ತದೆ, ಹೆಚ್ಚಾಗಿ ಎದುರಿನವರು ಬೆನ್ನು ತಿರುಗಿಸಿದಾಗ. ಮನೆಗೆ ಬಂದ ನೆಂಟರು 'ಹೋಗಿಬರ್ತೀವಿ' ಎಂದು ಎದ್ದಾಗ ಮೀನಖಂಡಕ್ಕೆ ಬಾಯಿ ಹಾಕುವ ನಾಯಿ ಈ ಜಾತಿಯದು.

ನಿಮ್ಮ ನಾಯಿಗೆ ಪಾಠ ಹೇಳಿಕೊಡುತ್ತಿರುವವನು ಆ ಕೊರಿಯರ್ ಹುಡುಗನೇ. ಅವನು ಪಾರ್ಸೆಲ್ ಕೊಟ್ಟು ಹೇಗೂ ಹೋಗುತ್ತಾನೆ. ನಾಯಿಯ ಲೆಕ್ಕದಲ್ಲಿ ಮಾತ್ರ ತಾನು ಬೊಗಳಿದ್ದಕ್ಕೆ ಅವನು ಓಡಿದ. ದಿನಕ್ಕೆ ಮೂರು ಸಲ, ವರ್ಷವೆಲ್ಲ ಈ ಗೆಲುವು. ಗೇಟಿಗೆ ಒಳಗಿಂದ ನಾಲ್ಕಡಿ ಎತ್ತರ ಶೀಟ್ ಹೊಡೆಸಿ ನೋಟ ತಪ್ಪಿಸಿ. ಗಂಟೆ ಬಾರಿಸಿದ ಕೂಡಲೇ ಒಳಗಿನ ಚಾಪೆಗೆ ಹೋಗಿ ಕೂರುವುದನ್ನು ಕಲಿಸಿ. ನಾಲ್ಕೈದು ಬೊಗಳು ಸಾಕು, ಆಮೇಲೆ ಚಾಪೆ, ಚಾಪೆಗೆ ಬಂದರೆ ತಿಂಡಿ. ಈ ನಾಯಿಗೆ ಕಚ್ಚುವ ತರಬೇತಿ ಬೇಡವೇ ಬೇಡ.

*

ಪ್ರಶ್ನೆ: ಮೂರು ತಿಂಗಳ ರಾಟ್‌ವೈಲರ್ ಮರಿ ಇದೆ. ಮುಂದೆ ಸರಿಯಾದ ಕಾವಲು ತರಬೇತಿ ಕೊಡಿಸಬೇಕು ಎಂದಿದ್ದೇನೆ. ಯಾವ ವಯಸ್ಸಿಗೆ ಏನು? ಡಿಫೆನ್ಸ್ ಡ್ರೈವ್ ಯಾವಾಗ, ಎಷ್ಟು ತೆಗೆಯಬೇಕು? (ವಿಜಯನಗರ, ಮೈಸೂರು)

ಉತ್ತರ: ಮರಿ ಈಗ ಊರು ನೋಡಬೇಕು, ಕಚ್ಚುವ ವಿಚಾರ ಆಮೇಲೆ. ಸುಮಾರು 3ನೇ ವಾರದಿಂದ 12–14ನೇ ವಾರದವರೆಗೆ ಮರಿ ಕಂಡದ್ದನ್ನು ಸಲೀಸಾಗಿ ತನ್ನ ಲೋಕಕ್ಕೆ ಸೇರಿಸಿಕೊಳ್ಳುತ್ತದೆ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ಲೆಕ್ಕ ಗಟ್ಟಿಯಾಯಿತು. ನಿಮಗೆ ಆ ಬಾಗಿಲು ಮುಚ್ಚಲು ಒಂದೆರಡು ವಾರ ಮಾತ್ರ ಉಳಿದಿದೆ. ಲಸಿಕೆ ಮುಗಿಯದಿದ್ದರೆ ನೆಲಕ್ಕೆ ಬಿಡದೆ ಎತ್ತಿಕೊಂಡಾದರೂ ಹೋಗಿ: ದೇವರಾಜ ಮಾರುಕಟ್ಟೆಯ ಹೊರಗಿನ ಗದ್ದಲ, ಹೆಲ್ಮೆಟ್ ಹಾಕಿದವರು, ಕೊಡೆ ಬಿಡಿಸುವವರು, ಕೋಲೂರಿ ನಡೆಯುವ ಅಜ್ಜ, ಶಾಲೆ ಬಿಟ್ಟಾಗಿನ ಮಕ್ಕಳು, ನುಣುಪು ಗ್ರಾನೈಟ್ ನೆಲ, ಕಬ್ಬಿಣದ ಮೆಟ್ಟಿಲು. 'ಕಾವಲು ನಾಯಿ, ಯಾರಿಗೂ ಮುಟ್ಟಿಸಬೇಡಿ' ಎಂಬ ಹಳೇ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಸಾಮಾನ್ಯ ಮನುಷ್ಯ ಹೇಗಿರುತ್ತಾನೆಂದು ಗೊತ್ತಿಲ್ಲದ ನಾಯಿಗೆ ಕಳ್ಳ ಯಾರೆಂದು ಗೊತ್ತಾಗುವುದಾದರೂ ಹೇಗೆ?

ಜೊತೆಗೆ ಆಟ. ಹಳೇ ಗೋಣಿಚೀಲದಿಂದ ಎರಡಡಿ ಉದ್ದ, ನಾಲ್ಕು ಇಂಚು ಅಗಲದ ಪಟ್ಟಿ ಕತ್ತರಿಸಿ ಆರಡಿ ಹಗ್ಗಕ್ಕೆ ಕಟ್ಟಿ. ಮರಿಯ ಮುಖಕ್ಕೆ ಒಡ್ಡಬೇಡಿ; ಇಲಿ ಓಡುವ ಹಾಗೆ ನೆಲದ ಮೇಲೆ ಮರಿಯಿಂದ ದೂರಕ್ಕೆ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಹಿಡಿದಾಗ ಮೆತ್ತಗೆ ಎಳೆದಾಡಿ ಬಿಟ್ಟುಕೊಡಿ, ಕಚ್ಚಿಕೊಂಡು ಅಂಗಳವೆಲ್ಲ ಮೆರೆಯಲಿ. ಎರಡು ನಿಮಿಷ ಸಾಕು, ಇನ್ನೂ ಬೇಕು ಅನ್ನುವಾಗಲೇ ಎತ್ತಿಡಿ. ನಾಲ್ಕರಿಂದ ಆರೂವರೆ ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸದು ಬರುವ ಕಾಲ, ಎಳೆದಾಟ ನಿಲ್ಲಿಸಿ. ಆಗ ಒಂದು ಸಲ ಒಸಡು ನೊಂದರೆ ಮರಿ ಅರ್ಧ ಬಾಯಲ್ಲಿ ಕಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತದೆ, ಆಮೇಲೆ ತಿದ್ದುವುದು ತಲೆನೋವು. ಏಳರಿಂದ ಹನ್ನೆರಡು ತಿಂಗಳು ಸೆಣಬಿನ ಟಗ್ (ಕಚ್ಚಿಸಿ ಎಳೆದಾಡುವ ಆಟದ ಸಾಮಾನು), ವಿಧೇಯತೆಯ ಪಾಠ, ಆಟ ಆಡಿಸಲು ಬೇರೆ ಬೇರೆ ಜನ. ಒಂದು ವರ್ಷದ ಮೇಲೆ ಮೆತ್ತನೆಯ ತೋಳುಪಟ್ಟಿ, ಅಂದರೆ ಸ್ಲೀವ್. ಅದೂ ಬರೀ ಬೇಟೆಯ ಆಟವಾಗಿ. ರಾಟ್‌ವೈಲರ್ ಮೈ ಬೇಗ ಬೆಳೆದು ಮೂಳೆ ನಿಧಾನಕ್ಕೆ ಬಲಿಯುವ ತಳಿ, ಈ ವಯಸ್ಸಿಗೆ ಎತ್ತರಕ್ಕೆ ನೆಗೆಸಬೇಡಿ.

ಡಿಫೆನ್ಸಿನ ಕೆಲಸ ಹದಿನೈದು ತಿಂಗಳಿಗೆ ಮೊದಲು ಬೇಡ. ರಾಟ್‌ವೈಲರ್‌ಗೆ ಹದಿನೆಂಟಾದರೂ ತಡವೇನಲ್ಲ. ಎಫ್‌ಸಿಐ (ನಾಯಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಂತೆ ನಡೆಯುವ, ಕೆಲಸದ ನಾಯಿಗಳ ಐಜಿಪಿ ಪರೀಕ್ಷೆಯಲ್ಲೂ (2019ರಿಂದ ಈ ಹೆಸರು, ಅದಕ್ಕೆ ಮೊದಲು ಐಪಿಒ, ಹಳಬರ ಬಾಯಲ್ಲಿ ಶುಟ್ಸ್‌ಹುಂಡ್) ಮೊದಲ ಹಂತಕ್ಕೆ ಕೂರಲು 18 ತಿಂಗಳು ತುಂಬಿರಬೇಕು, ಅದಕ್ಕೂ ಮುಂಚೆ ಬಿಎಚ್ ಎಂಬ ನಡತೆಯ ಪರೀಕ್ಷೆ ಪಾಸಾಗಿರಬೇಕು.

ಬೇಟೆಯ ಆಟವೊಂದೇ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಬರೀ ಆಟದಲ್ಲಿ ಬೆಳೆದ ನಾಯಿ ಸ್ಲೀವನ್ನು ನೋಡುತ್ತದೆ, ಅದನ್ನು ತೊಟ್ಟ ಮನುಷ್ಯನನ್ನು ನೋಡುವುದಿಲ್ಲ. ಸ್ಲೀವ್ ಇಲ್ಲದ ಕಳ್ಳ ಬಂದರೆ ಆಟದ ಸಾಮಾನು ಎಲ್ಲಿ ಎಂದು ಹುಡುಕುತ್ತ ನಿಲ್ಲುತ್ತದೆ. ಅಡುಗೆಗೆ ಉಪ್ಪು ಬೇಕಾದ ಹಾಗೆ ಡಿಫೆನ್ಸ್ ಬೇಕು, ಅಳತೆಯೂ ಉಪ್ಪಿನಷ್ಟೇ. ಹತ್ತು ಸಲದ ಅಭ್ಯಾಸದಲ್ಲಿ ಎರಡು, ಬಹಳವೆಂದರೆ ಮೂರು.

ಮಾಡುವ ರೀತಿ ಹೀಗೆ. ಎರಡು ಇಂಚು ಅಗಲದ ಕೊರಳಪಟ್ಟಿ ಅಥವಾ ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ), ಸುಮಾರು ಹತ್ತಡಿ ಹಗ್ಗ, ಕಂಬಕ್ಕೆ ಸೇರುವ ಕಡೆ ಸ್ಕೂಟರ್ ಟ್ಯೂಬಿನ ತುಂಡು. ಹಗ್ಗ ಸೆಟೆದಾಗ ಜಗ್ಗು ಕುತ್ತಿಗೆಗೆ ಬೀಳಬಾರದು. ಯಜಮಾನ ನಾಯಿಯ ಪಕ್ಕದಲ್ಲೇ ನಿಲ್ಲಬೇಕು. ಮುಸ್ಸಂಜೆ ಹೊತ್ತು, ಕಳ್ಳ ಅರವತ್ತು ಎಪ್ಪತ್ತಡಿ ದೂರದಲ್ಲಿ ಮರದ ಮರೆಯಿಂದ ಹೊರಬಂದು ನಿಂತು ದುರುಗುಟ್ಟಿ ನೋಡುತ್ತಾನೆ. ಓಡಾಟವಿಲ್ಲ, ಕೂಗಿಲ್ಲ. ಮೈ ಬಗ್ಗಿಸಿ ನೇರವಾಗಿ ಎರಡು ಹೆಜ್ಜೆ. ನಾಯಿಯ ಕಿವಿ ನೆಟ್ಟಗಾಗಿ ಒಂದು 'ವುಫ್' ಬಂತೋ, ಅರ್ಧ ಸೆಕೆಂಡೂ ಕಾಯದೆ ಬೆಚ್ಚಿ ಬೆನ್ನು ತಿರುಗಿಸಿ ಓಡಬೇಕು. ಯಜಮಾನ 'ಭಲೇ' ಎಂದು ಬೆನ್ನು ತಟ್ಟಲಿ. ಇಷ್ಟೇ. ಒಂದು ನಿಮಿಷವೂ ಆಗುವುದಿಲ್ಲ. ಅವತ್ತಿಗೆ ಎರಡು ಸಲ, ಮುಂದಿನದು ಒಂದು ವಾರ ಬಿಟ್ಟು.

ನಾಲ್ಕೈದು ವಾರದ ಮೇಲೆ ಕಳ್ಳ ಒಂದು ಬೊಗಳಿಗೆ ಓಡುವುದಿಲ್ಲ, ಎರಡು ಮೂರಕ್ಕೆ ಓಡುತ್ತಾನೆ. ಇನ್ನಷ್ಟು ಹತ್ತಿರವೂ ಬರುತ್ತಾನೆ. ನಾಯಿಗೆ ತನ್ನ ಬಲದ ಅರಿವು ಬಂದಮೇಲೆ ಮುಖ್ಯ ಘಟ್ಟ: ಹೆದರಿಸಿದ ಕಳ್ಳ ಕಣ್ಣು ಕೆಳಗೆ ಹಾಕಿ, ಮೈ ಪಕ್ಕಕ್ಕೆ ತಿರುಗಿಸಿ, ಸ್ಲೀವನ್ನು ಅಡ್ಡಡ್ಡ ಆಡಿಸುತ್ತಾನೆ. ನೇರ ನೋಟ ಭಯ ಹುಟ್ಟಿಸುತ್ತದೆ, ಅಡ್ಡ ಓಟ ಬೇಟೆ ನೆನಪಿಸುತ್ತದೆ. ನಾಯಿ ಕಿಚ್ಚಿನಿಂದ ಹುರುಪಿಗೆ ಜಾರಿ ಬಾಯಿತುಂಬ ಕಚ್ಚುತ್ತದೆ. ಕಚ್ಚಿಕೊಂಡಿರುವಾಗ ಕಳ್ಳ ಕೈ ಎತ್ತುವುದೋ, ಕಲ್ಲು ತುಂಬಿದ ಪ್ಲಾಸ್ಟಿಕ್ ಬಾಟಲಿ ಅಲ್ಲಾಡಿಸುವುದೋ ಮಾಡಿ ಸಣ್ಣ ಒತ್ತಡ ಹಾಕುತ್ತಾನೆ. ನಾಯಿ ಹಿಡಿತ ಬಿಗಿ ಮಾಡಿದರೆ ಕೂಡಲೇ ಸೋತು ಸ್ಲೀವ್ ಬಿಟ್ಟುಕೊಡಬೇಕು. ಹಿಡಿತ ಸಡಿಲಿಸಿ ಅಗಿಯತೊಡಗಿದರೆ ಒತ್ತಡ ಜಾಸ್ತಿಯಾಯಿತು, ಅಂದಿನ ಪಾಠ ಹಿಂದಿನ ಮೆಟ್ಟಿಲಿಗೆ ಇಳಿಯಬೇಕು. ಇಲ್ಲೇ ಹೆಚ್ಚಿನ ನಾಯಿ ಕೆಡುವುದು. ಕಳ್ಳನ ಪಾತ್ರ ಮಾಡುವವನಿಗೆ ಸೋಲುವುದಕ್ಕೆ ನಾಚಿಕೆಯಿದ್ದರೆ ಅವನ ಕೈಗೆ ನಾಯಿ ಕೊಡಬಾರದು.

ಬಿಸಿಲು ಇನ್ನೊಂದು. ಬೇಸಿಗೆಯಲ್ಲಿ ಕಚ್ಚಿಸುವ ಪಾಠವನ್ನು ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ. ಏದುಸಿರು ಬಿಡುವ ನಾಯಿ ಬಾಯಲ್ಲೇ ಉಸಿರಾಡಬೇಕು. ಬಾಯಿತುಂಬ ಕಚ್ಚಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ತುದಿಹಲ್ಲಲ್ಲಿ ಹಿಡಿಯುತ್ತದೆ. ಅದನ್ನು ಅಳುಕೆಂದು ತಪ್ಪು ತಿಳಿದು ಇನ್ನೂ ಒತ್ತಡ ಹಾಕುವವರಿದ್ದಾರೆ.

*

ಪ್ರಶ್ನೆ: ಹಸಿಮಾಂಸ, ಹಸಿಮೆಣಸಿನಕಾಯಿ ತಿನ್ನಿಸಿ ಕತ್ತಲೆ ಕೋಣೆಯಲ್ಲಿ ಕಟ್ಟಿದರೆ ನಾಯಿಗೆ ರೋಷ ಬರುತ್ತದಂತೆ, ಹೌದೇ? (ಮದ್ದೂರು)

ಉತ್ತರ: ಮೆಣಸಿನಕಾಯಿಯಿಂದ ಭೇದಿ ಬರುತ್ತದೆ. ಹಸಿಮಾಂಸಕ್ಕೂ ಸಿಟ್ಟಿಗೂ ಸಂಬಂಧವಿಲ್ಲ, ಹುಳುಬಾಧೆಗೆ ಇದೆ. ಕತ್ತಲೆ ಕೋಣೆಯ ನಾಯಿ ಎಲ್ಲರಿಗೂ ಹೆದರುವುದರಿಂದ ಎಲ್ಲರನ್ನೂ ಕಚ್ಚುತ್ತದೆ, ಊಟ ಹಾಕುವವರನ್ನೂ ಸೇರಿಸಿ.

*

ಪ್ರಶ್ನೆ: ಮುಧೋಳ ನಾಯಿ ನಮ್ಮ ನಾಡಿನದೇ, ಅದನ್ನೇ ಕಾವಲಿಗೆ ತಯಾರು ಮಾಡಬಹುದಲ್ಲ? (ಶ್ರೀರಂಗಪಟ್ಟಣ)

ಉತ್ತರ: ಎಚ್ಚರ ಕೊಡುವುದಕ್ಕೆ ಬಹಳ ಒಳ್ಳೆಯದು. ಅದು ಕಣ್ಣಿನಿಂದ ಬೇಟೆಯಾಡುವ ತಳಿ, ಬೇಟೆಯ ಹುರುಪು ಧಾರಾಳವಾಗಿದೆ, ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆದರೆ ಮನುಷ್ಯನ ಒತ್ತಡವನ್ನು ಎದುರಿಸಿ ಹಿಡಿದು ನಿಲ್ಲುವುದಕ್ಕೆ ಅದನ್ನು ಬೆಳೆಸಿಲ್ಲ. ಜೋರು ಮಾಡಿದರೆ ಬೇಗ ಮುದುಡಿಕೊಳ್ಳುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ. ಮರಿ ಬೇಕಾದವರು ಅಲ್ಲಿ ವಿಚಾರಿಸಿ. ಓಡಲು ಜಾಗವಿಲ್ಲದ ಮನೆಯವರು ತರಬೇಡಿ.

*

ಪ್ರಶ್ನೆ: ಕಬ್ಬಿನ ಗದ್ದೆಗೆ ಚಿರತೆ ಬರುತ್ತಿದೆ. ಪಕ್ಕದ ತೋಟದಲ್ಲಿ ಕಟ್ಟಿದ್ದ ನಾಯಿಯನ್ನು ಹೊತ್ತೊಯ್ದಿದೆ. ನಮ್ಮ ನಾಯಿ ಆ ದಿನದಿಂದ ಸಂಜೆ ಆರಕ್ಕೇ ಒಳಗೆ ಬಂದು ಮಲಗುತ್ತದೆ. ಅದರ ಪುಕ್ಕಲು ಬಿಡಿಸುವುದು ಹೇಗೆ? (ತಿ. ನರಸೀಪುರ ತಾಲ್ಲೂಕು)

ಉತ್ತರ: ಬಿಡಿಸಬೇಡಿ, ನಿಮ್ಮ ನಾಯಿಗೆ ಬುದ್ಧಿಯಿದೆ. ಚಿರತೆಗೆ ನಾಯಿ ಸುಲಭದ ಊಟ. ಮೂವತ್ತೈದು ಕೆಜಿಯ ತರಬೇತಿ ಪಡೆದ ನಾಯಿಯೂ ಒಂಟಿಯಾಗಿ ಅದರ ಮುಂದೆ ನಿಲ್ಲಲಾರದು, ಸರಪಳಿಯಲ್ಲಿದ್ದರಂತೂ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ರಾತ್ರಿ ನಾಯಿಯನ್ನು ಮೇಲ್ಭಾಗವೂ ಮುಚ್ಚಿದ ಗಟ್ಟಿ ಕಬ್ಬಿಣದ ಜಾಲರಿ ಗೂಡಿನಲ್ಲಿಡಿ; ಹತ್ತಡಿ ಉದ್ದ, ಆರಡಿ ಅಗಲ ಇರಲಿ, ಜಾಲರಿಯ ಕಣ್ಣಿನಲ್ಲಿ ಪಂಜ ತೂರಬಾರದು, ಗೋಡೆಗೆ ತಾಗಿದ ಒಂದು ಮೂಲೆಯಲ್ಲಿ ತಗಡಿನ ಮರೆ ಇರಲಿ. ಗೂಡು ಗದ್ದೆಯ ಅಂಚಿನಲ್ಲಿ ಬೇಡ, ಮನೆಯ ಗೋಡೆಗೆ ಹತ್ತಿರ, ದೀಪದ ಕೆಳಗೆ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಹಾಕುವ ಕಬ್ಬಿಣದ ಮುಳ್ಳಿನ ಕೊರಳಪಟ್ಟಿ ಕತ್ತನ್ನು ಸ್ವಲ್ಪ ಕಾಪಾಡುತ್ತದೆ, ಆದರೆ ಅಲ್ಲಿ ನಾಯಿಗಳು ಗುಂಪಿನಲ್ಲಿರುತ್ತವೆ, ಕುರಿಗಾಹಿ ಪಕ್ಕದಲ್ಲೇ ಮಲಗಿರುತ್ತಾನೆ. ಕಬ್ಬು ಕಟಾವಿನ ಹೊತ್ತಿಗೆ ಮರಿ ಹಾಕಿದ ಹೆಣ್ಣು ಚಿರತೆ ಒಳಗಿರಬಹುದು. ಹೆಜ್ಜೆ ಗುರುತು ಕಂಡರೆ ನಾಯಿಯನ್ನು ಛೂ ಬಿಡದೆ ಅರಣ್ಯ ಇಲಾಖೆಗೆ ತಿಳಿಸಿ.

*

ಪ್ರಶ್ನೆ: ದಸರಾ ಕುಶಾಲತೋಪಿನ ಸದ್ದಿಗೆ, ದೀಪಾವಳಿ ಪಟಾಕಿಗೆ ನಡುಗುವ ನಾಯಿ ಕಾವಲಿಗೆ ಬರುತ್ತದೆಯೇ? (ನಜರಬಾದ್, ಮೈಸೂರು)

ಉತ್ತರ: ಸದ್ದಿನ ಭಯ ಬೇರೆ, ಮನುಷ್ಯರ ಭಯ ಬೇರೆ. ಪಟಾಕಿಗೆ ಬಚ್ಚಲುಮನೆ ಸೇರುವ ನಾಯಿ ಗೇಟಿನಲ್ಲಿ ಗಟ್ಟಿಯಾಗಿ ನಿಲ್ಲುವುದುಂಟು. ಆದರೆ ಸದ್ದಾದ ಮೇಲೆ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದನ್ನು ನೋಡಿ. ಬೆಚ್ಚಿಬಿದ್ದು ಒಂದು ನಿಮಿಷದಲ್ಲಿ ತಾನಾಗಿ ಮತ್ತೆ ಅತ್ತ ತಿರುಗಿ ನೋಡುವ ನಾಯಿ ಕೆಲಸಕ್ಕೆ ಬರುತ್ತದೆ. ಎರಡು ತಾಸು ಊಟ ಮುಟ್ಟದೆ ನಡುಗುವುದು ಬರುವುದಿಲ್ಲ.

ಚಿಕಿತ್ಸೆ ನಿಮ್ಮ ಊರಲ್ಲೇ ಪ್ರತಿ ವರ್ಷ ನಡೆಯುತ್ತದೆ. ಜಂಬೂ ಸವಾರಿಗೆ ಮೊದಲು ಆನೆ, ಕುದುರೆಗಳಿಗೆ ಫಿರಂಗಿ ಸದ್ದಿನ ತಾಲೀಮು ಕೊಡುತ್ತಾರಲ್ಲ, ನಾಯಿಗೂ ಅದೇ ದಾರಿ. ಮೊಬೈಲಿನಲ್ಲಿ ಪಟಾಕಿ ಸದ್ದು ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹಾಕಿ, ಪ್ರತಿ ಸದ್ದಿನ ಬೆನ್ನಿಗೇ ಒಂದು ತುಂಡು ಚೀಸ್ ಅಥವಾ ಕೋಳಿ. ದಿನಕ್ಕೆ ಐದು ನಿಮಿಷ. ತಿನ್ನುವುದು ನಿಲ್ಲಿಸಿದರೆ ಸದ್ದು ಇಳಿಸಿ. ದಸರಾಗೆ ಎರಡು ಮೂರು ತಿಂಗಳು ಮೊದಲೇ ಶುರುಮಾಡಬೇಕು; ವಿಜಯದಶಮಿಯ ಹಿಂದಿನ ವಾರ ಶುರುಮಾಡಿ ಉಪಯೋಗವಿಲ್ಲ. ತೀರಾ ನಡುಗುವ ನಾಯಿಗೆ ಪಶುವೈದ್ಯರು ಮಾತ್ರೆ ಕೊಡುತ್ತಾರೆ, ಕೇಳಲು ಸಂಕೋಚ ಬೇಡ.

*

ಪ್ರಶ್ನೆ: ತರಬೇತಿ ಪಡೆದ ನಮ್ಮ ನಾಯಿ ಗ್ಯಾಸ್ ಸಿಲಿಂಡರ್ ತಂದವರ ತೊಡೆಗೆ ಕಚ್ಚಿತು. ಮೊದಲೆಲ್ಲ ಗುರ್ ಅನ್ನುತ್ತಿತ್ತು, ಹೊಡೆದು ಬಿಡಿಸಿದ್ದೆವು. ಈಗ ಸುಮ್ಮನಿದ್ದು ಒಮ್ಮೆಗೇ ಕಚ್ಚುತ್ತದೆ. 'ನಾಯಿ ಇದೆ ಎಚ್ಚರಿಕೆ' ಬೋರ್ಡ್ ಇದೆ. ಕೇಸ್ ಆಗುತ್ತದೆಯೇ? (ಮಂಡ್ಯ)

ಉತ್ತರ: ಮೊದಲು ಕಚ್ಚಿಸಿಕೊಂಡವರ ವಿಚಾರ. ನಲ್ಲಿಯ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ಗಾಯ ತೊಳೆಯಬೇಕು; ಅರಿಶಿನ, ಸುಣ್ಣ ಹಚ್ಚಬಾರದು. ನಿಮ್ಮ ನಾಯಿಗೆ ಲಸಿಕೆ ಆಗಿದ್ದರೂ ಅವರನ್ನು ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಖರ್ಚು ನಿಮ್ಮದು. ನಾಯಿಯನ್ನು 10 ದಿನ ಕಟ್ಟಿ ಗಮನಿಸಿ.

ಕೇಸ್ ಆಗಬಹುದು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅಡಿ ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಹಿಂದೆ ಇದು ಐಪಿಸಿ 289 ಆಗಿತ್ತು. ಬೋರ್ಡ್ ತೂಗುಹಾಕಿದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ, ಸಿಲಿಂಡರ್ ತಂದವರು ನೀವು ಕರೆದೇ ಬಂದವರು.

ನಾಯಿ ಯಾಕೆ ಹೀಗಾಯಿತು ಎಂದರೆ, ಗುರ್ ಅನ್ನುವುದು ಅದರ ಭಯದ ಮಾತು. ನೀವು ಹೊಡೆದದ್ದು ಆ ಮಾತಿಗೆ. ಭಯ ಇದ್ದಲ್ಲೇ ಇದೆ. ಮುನ್ಸೂಚನೆ ಹೋಯಿತು, ಕಚ್ಚುವುದು ಉಳಿಯಿತು. ಇನ್ನು ಮುಂದೆ ಹೊರಗಿನವರು ಬರುವಾಗ ಅದು ಬಾಗಿಲು ಹಾಕಿದ ಕೋಣೆಯಲ್ಲಿರಲಿ, ಬೀದಿಗೆ ಬುಟ್ಟಿಯಂಥ ಮುಖಗವಸು ಹಾಕಿ ಕರೆದೊಯ್ಯಿರಿ. ನೀರು ಕುಡಿಯಲು, ಏದುಸಿರು ಬಿಡಲು ಅದರಲ್ಲಿ ಬಾಯಿ ತೆರೆಯುವಂತಿರಬೇಕು. ಹಿಂಗಾಲು, ಸೊಂಟ, ಕಿವಿ ನೋವಿದೆಯೇ ಎಂದು ಪಶುವೈದ್ಯರಿಗೆ ತೋರಿಸಿ. ನೋವಿರುವ ನಾಯಿ ಬೇಗ ಕಚ್ಚುತ್ತದೆ. ಮತ್ತೆ ಗುರ್ ಅಂದರೆ ಬೈಯಬೇಡಿ, ಬಂದವರನ್ನು ಎರಡು ಹೆಜ್ಜೆ ಹಿಂದೆ ಕಳಿಸಿ.

*

ಪ್ರಶ್ನೆ: ನಮ್ಮ ಶೆಫರ್ಡ್ ಚೆನ್ನಾಗಿ ಹಿಡಿಯುತ್ತದೆ, 'ಬಿಡು' ಅಂದರೆ ಮಾತ್ರ ಬಿಡುವುದಿಲ್ಲ. ಕೊರಳಪಟ್ಟಿ ತಿರುಚಿ ಉಸಿರು ಕಟ್ಟಿಸಿದರೆ ಇನ್ನೂ ಬಿಗಿಯುತ್ತದೆ. (ನಂಜನಗೂಡು)

ಉತ್ತರ: ಬಿಗಿಯದೆ ಇನ್ನೇನು ಮಾಡೀತು? ಕಿಚ್ಚಿನಲ್ಲಿರುವ ನಾಯಿಗೆ ಹಿಂದಿನಿಂದ ನೋವು ಕೊಟ್ಟರೆ ಎದುರಿನವನೇ ಕೊಟ್ಟನೆಂದು ತಿಳಿಯುತ್ತದೆ, ಇಲ್ಲವೇ ತಿರುಗಿ ನಿಮ್ಮ ಕೈಗೇ ಬಾಯಿ ಹಾಕುತ್ತದೆ. 'ಬಿಡು' ಕಲಿಸಬೇಕಾದ್ದು ಕಳ್ಳನ ಮುಂದಲ್ಲ, ಮನೆಯಂಗಳದಲ್ಲಿ, ಎರಡು ಟಗ್ ಇಟ್ಟುಕೊಂಡು. ಒಂದನ್ನು ಕಚ್ಚಿಸಿ ಎಳೆದಾಡಿ. ಆಮೇಲೆ ಟಗ್ಗನ್ನು ತೊಡೆಗೆ ಒತ್ತಿಹಿಡಿದು ಕಲ್ಲಿನ ಹಾಗೆ ನಿಂತುಬಿಡಿ. ಟಗ್ ಸತ್ತಿತು, ಆಟದ ಮಜಾ ಹೋಯಿತು. ನಾಯಿ ಒಂದಷ್ಟು ಹೊತ್ತು ಜಗ್ಗಿ ಬೇಸತ್ತು ಬಿಡುತ್ತದೆ. ಬಿಟ್ಟ ಕ್ಷಣವೇ 'ಹಿಡಿ' ಎಂದು ಎರಡನೆಯದನ್ನು ಕೊಡಿ. ಎಂಟು ಹತ್ತು ದಿನದಲ್ಲಿ ಕೈ ನಿಂತ ಕೂಡಲೇ ಬಿಡುವುದು ರೂಢಿಯಾಗುತ್ತದೆ. 'ಬಿಡು' ಎಂಬ ಮಾತನ್ನು ಆಗ ಸೇರಿಸಿ, ಒಂದೇ ಸಲ, ಮೆಲ್ಲಗೆ. ಆಮೇಲೆ ಸ್ಲೀವಿನೊಂದಿಗೆ, ಬೇಟೆಯ ಆಟದಲ್ಲಿ. ಡಿಫೆನ್ಸಿನಲ್ಲಿ 'ಬಿಡು' ಕೇಳುವುದು ಎಲ್ಲಕ್ಕಿಂತ ಕೊನೆಗೆ, ಅದೂ ಕಳ್ಳ ಪೂರ್ತಿ ಅಲುಗಾಡದೆ ನಿಂತ ಮೇಲೆ. ಅವನು ಅಲ್ಲಾಡುತ್ತಲೇ ಇದ್ದರೆ ನಾಯಿಯ ಲೆಕ್ಕದಲ್ಲಿ ಜಗಳ ಮುಗಿದಿಲ್ಲ. ಇಷ್ಟು ಗಟ್ಟಿಯಾಗುವ ತನಕ ಹೊಸದಾಗಿ ಕಚ್ಚಿಸುವ ಪಾಠ ನಿಲ್ಲಿಸಿಡಿ.